ಮುಲ್ತಾನಿ ಮಣ್ಣಿನ ಮುಖಲೇಪ
ಮುಖದ ಜಿಡ್ಡಿಗೂ ಮೊಡವೆಗೂ ನಾಚಿ ಹಿಂದಿನ ಸಾಲನ್ನು ಆಶ್ರಯಿಸುವ ವಿದ್ಯಾರ್ಥಿಗಳನ್ನು ಅಧ್ಯಾಪಕರೆಲ್ಲರೂ ಬಲ್ಲರು. ಅಂಥವರಿಗೆ ಮುಲ್ತಾನಿ ಮಣ್ಣು ಸುಲಭಸಾಧನ.

ಇಂದು ಪಾಕಿಸ್ತಾನದಲ್ಲಿರುವ ಮುಲ್ತಾನ್ ನಗರದಿಂದ ಹೆಸರು ಪಡೆದ ಈ ನುಣುಪು ಜೇಡಿಮಣ್ಣು ರಾಜಸ್ಥಾನದ ಬಾಡಮೇರ್ ಸೀಮೆಯಲ್ಲಿಯೂ ದೊರೆಯುತ್ತದೆ. ಹಿಂದೆ ಉಣ್ಣೆಯ ಜಿಡ್ಡು ತೆಗೆಯಲು ಇಂಥ ಮಣ್ಣನ್ನೇ ಬಳಸುತ್ತಿದ್ದರು. ಎಣ್ಣೆಯನ್ನು ಹೀರುವ ಆ ಗುಣವೇ ಇಲ್ಲಿಯೂ ಉಪಕಾರಿ.

ಮಣ್ಣನ್ನು ತಣ್ಣೀರಿನಲ್ಲಿ ಕಲಸಿ, ಕಣ್ಣು ತುಟಿಗಳನ್ನು ಬಿಟ್ಟು ತೆಳುವಾಗಿ ಲೇಪಿಸಿ, ೧೦ ನಿಮಿಷಗಳೊಳಗೆ ಹಸಿಯಿರುವಾಗಲೇ ತೊಳೆಯತಕ್ಕದ್ದು. ಒಣಗಿ ಬಿರಿಯುವವರೆಗೆ ಬಿಡುವುದೇ ಒಳ್ಳೆಯದೆಂಬುದು ತಪ್ಪು ಕಲ್ಪನೆ; ಆಗ ಚರ್ಮದ ತೇವವೂ ಕುಂದಿ ಉರಿಯುಂಟಾದೀತು. ವಾರಕ್ಕೊಮ್ಮೆ ಸಾಕು. ಮೊದಲು ಮುಂಗೈಯ ಒಳಭಾಗದಲ್ಲಿ ಪರೀಕ್ಷಿಸಬೇಕು; ಚರ್ಮ ಕೆರಳಿದ್ದರೆ ಲೇಪ ಕೂಡದು, ನಿಂಬೆರಸವೂ ಕೂಡದು. ಕೀವುಗುಳ್ಳೆಗಳಿಗಾದರೋ ವೈದ್ಯರನ್ನೇ ಕಾಣುವುದು ವಿಹಿತ.

ಇಷ್ಟನ್ನು ಅಧ್ಯಾಪಕರು ತಿಳಿಯಹೇಳಿದರೆ ಹಿಂದಿನ ಸಾಲಿನಲ್ಲಿ ಬಾಗಿದ ತಲೆ ಮೇಲೆದ್ದೀತು.