ಬೈಕ್ ಚಕ್ರ ‘ಗರ್’ ಅಂತಿದ್ಯಾ? ಬೇರಿಂಗ್ ಬದಲಿಸುವಾಗ ನಾನು ಮಾಡಿದ ತಪ್ಪು

ಕಳೆದ ಮಳೆಗಾಲದಲ್ಲಿ ನನ್ನ ತಮ್ಮನ ಬೈಕಿನ ಮುಂದಿನ ಚಕ್ರದಿಂದ ಸಣ್ಣಗೆ ‘ಗರ್’ ಅಂತ ಸದ್ದು ಬರೋಕೆ ಶುರುವಾಯ್ತು. ರಾತ್ರಿ ಫುಡ್ ಡೆಲಿವರಿಗೆ ಹೋಗೋ ಹುಡುಗ ಅವನು. ಬೈಕ್ ನಿಂತರೆ ಆವತ್ತಿನ ದುಡಿಮೆಯೂ ನಿಂತಂತೆ. ‘ನಾನೇ ಮಾಡ್ತೀನಿ ಬಿಡೋ’ ಅಂದೆ, ಮಾಡಿದೆ. ಹದಿನೈದೇ ದಿನಕ್ಕೆ ಸದ್ದು ವಾಪಸ್!

ಚಕ್ರದ ನಡುವೆ ಇರೋ ಹಬ್‌ನ ಎರಡೂ ಬದಿಗೆ ಒಂದೊಂದು ಬೇರಿಂಗ್ ಇರುತ್ತೆ. ಹೊರಗೊಂದು ಉಕ್ಕಿನ ಬಳೆ, ಒಳಗೊಂದು ಬಳೆ, ಮಧ್ಯೆ ಗುಂಡುಗಳು. ನೀರು ನುಗ್ಗಿ ಗ್ರೀಸ್ ಕೆಟ್ಟರೆ ಗುಂಡು ಓಡುವ ದಾರಿಯಲ್ಲಿ ಗುಳಿ ಬೀಳುತ್ತೆ, ಥೇಟ್ ನಮ್ಮ ರಸ್ತೆ ಥರಾನೇ. ಬೈಕ್ ತೊಳೆಯೋರು ಹಬ್‌ಗೇ ನೇರವಾಗಿ ಪ್ರೆಷರ್ ನೀರು ಹೊಡೆದರೆ ಇದು ಇನ್ನೂ ಬೇಗ ಆಗುತ್ತೆ.

ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರು ಒತ್ತಿ ಹಿಡಿಯಲಿ. ಮುಂದಿನ ಚಕ್ರದ ಮೇಲೊಂದು, ಕೆಳಗೊಂದು ಕೈ ಇಟ್ಟು ಎಡಕ್ಕೂ ಬಲಕ್ಕೂ ಅಲುಗಾಡಿಸಿ. ಆಟ ಕಂಡರೆ, ತಿರುಗಿಸಿದಾಗ ಕರಕರ ಅಂದರೆ ಬೇರಿಂಗ್ ಸವೆದಿರೋ ಸಾಧ್ಯತೆ ಹೆಚ್ಚು. ಅಂಗಡಿಗೆ ಹೋಗುವಾಗ ಹಳೇ ಬೇರಿಂಗ್ ಮೇಲಿನ ನಂಬರ್ ನೋಡ್ಕೊಂಡು ಹೋಗಿ. ನಮ್ಮದು 6301 ಇತ್ತು. ಅಂದ್ರೆ ಒಳರಂಧ್ರ 12, ಹೊರವ್ಯಾಸ 37, ದಪ್ಪ 12 ಮಿಲಿಮೀಟರ್. ಪಕ್ಕದಲ್ಲಿ 2ಆರ್‌ಎಸ್ ಅಂತಿದ್ದರೆ ಎರಡೂ ಕಡೆ ರಬ್ಬರ್ ಸೀಲ್ ಇದೆ ಅಂತ. ಮಳೆಗೆ ಅದೇ ವಾಸಿ.

ಬಿಚ್ಚೋದು ಕಷ್ಟ ಅಲ್ಲ. ಆಕ್ಸಲ್ ತೆಗೆದು, ಆಯಿಲ್ ಸೀಲ್ ಎಬ್ಬಿಸಿ, ಒಂದು ಕಡೆಯಿಂದ ಉದ್ದನೆಯ ರಾಡ್ ತೂರಿಸಿ ಆಚೆ ಬದಿಯ ಬೇರಿಂಗನ್ನು ಸುತ್ತಲೂ ಸ್ವಲ್ಪ ಸ್ವಲ್ಪವೇ ತಟ್ಟಿ ಹೊರಡಿಸಬೇಕು. ಡ್ರಮ್ ಒಳಗಿನ ಬ್ರೇಕ್ ಧೂಳನ್ನು ಮಾತ್ರ ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ನಾನು ಎಡವಿದ್ದು ಕೂರಿಸುವಾಗ. ಹೊಸ ಬೇರಿಂಗಿನ ಒಳಬಳೆಗೇ ಸುತ್ತಿಗೆ ಏಟು ಹಾಕಿದ್ದೆ. ಆ ಏಟೆಲ್ಲ ಗುಂಡುಗಳ ಮೂಲಕವೇ ಹೊರಬಳೆಗೆ ಹೋಗುತ್ತೆ. ಓಡೋಕೆ ಮೊದಲೇ ಒಳಗೆ ಗುಳಿ ರೆಡಿ! ಒತ್ತಡ ಹೊರಬಳೆ ಮೇಲಷ್ಟೇ ಬೀಳಬೇಕು. ಅದೇ ಅಗಲದ ಸಾಕೆಟ್ ಇಟ್ಟು ನೇರವಾಗಿ ತಟ್ಟಿ. ಎರಡನೇ ಸಲ ನಾನು ಬೇರಿಂಗನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಲ್ಲಿಟ್ಟೆ (ಅಮ್ಮ ಬೈದ್ರು), ಹಬ್‌ಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿದೆ. ಒಂದು ಕುಗ್ಗುತ್ತೆ, ಇನ್ನೊಂದು ಹಿಗ್ಗುತ್ತೆ, ನಾಲ್ಕು ಏಟಿಗೆ ಕೂತುಬಿಡ್ತು.

ಎರಡು ಬೇರಿಂಗ್ ನಡುವಿನ ಕೊಳವೆಯಂಥ ಸ್ಪೇಸರ್ ಮರೀಬೇಡಿ. ಅದಿಲ್ಲದೆ ಆಕ್ಸಲ್ ನಟ್ ಬಿಗಿದರೆ ಒಳಬಳೆಗಳು ಒಂದರ ಕಡೆಗೊಂದು ಎಳೆದು ಚಕ್ರವೇ ಬಿಗಿಯಾಗಬಹುದು. ಡ್ರಮ್ ಬ್ರೇಕ್ ಇದ್ದರೆ, ಅದರ ಪ್ಲೇಟಿನ ಗಾಡಿ ಫೋರ್ಕಿನ ತಡೆಗೆ ಸರಿಯಾಗಿ ಕೂತಿದ್ಯಾ ಅಂತ ಎರಡು ಸಲ ನೋಡಿ. ಕೂರದಿದ್ದರೆ ಬ್ರೇಕ್ ಹಿಡಿದಾಗ ಪ್ಲೇಟೂ ಚಕ್ರದ ಜೊತೆ ಸುತ್ತುತ್ತೆ, ಸವಾರ ನೆಲಕ್ಕೆ. ಇದರಲ್ಲಿ ಅನುಮಾನ ಬಂದರೆ ಗಾಡಿ ಓಡಿಸದೆ ಮೆಕ್ಯಾನಿಕ್ಕನ್ನೇ ಕರೀರಿ. ಇನ್ನು ಕಾರಿನ ಹಬ್ ಬೇರಿಂಗ್? ಬಹಳಷ್ಟಕ್ಕೆ ಪ್ರೆಸ್ ಮಷಿನ್ ಬೇಕು, ನಾನಂತೂ ಮನೇಲಿ ಕೈ ಹಾಕಲ್ಲ.

ತಮ್ಮನಿಗೆ ಕೀ ಕೊಡೋ ಮೊದಲು ನಮ್ಮ ಬೀದಿಯಲ್ಲೇ ನಿಧಾನಕ್ಕೆ ಎರಡು ಸುತ್ತು ಹೊಡೆದು, ಬ್ರೇಕ್ ಹಿಡಿದು ನೋಡಿದೆ. ಮರುದಿನ ಬೆಳಿಗ್ಗೆ ನಟ್‌ಗೆ ಮತ್ತೊಮ್ಮೆ ಸ್ಪಾನರ್ ಹಾಕಿದಾಗ ಅವನಿನ್ನೂ ಮಲಗಿದ್ದ.