ಕಣ್ಣಂಚಿನ ಬಿಳಿ ಗೆರೆ

ಕಣ್ಣಿನಲ್ಲಿ ಬಿಳುಪು ಕಂಡೊಡನೆ ‘ಪೊರೆ ಬಂದಿದೆ’ ಎನ್ನುವುದು ನಮ್ಮಲ್ಲಿ ರೂಢಿ. ಪೊರೆಯಾದರೋ ಪಾಪೆಯ ಹಿಂದಿರುವ ಮಸೂರದ ವಿಕಾರ. ಕಪ್ಪುಗುಡ್ಡೆಯ ಅಂಚಿನಲ್ಲಿ ಮೂಡುವ ಬಿಳಿ ಗೆರೆಯ ಸಂಗತಿಯೇ ಬೇರೆ. ಅದು ಕಣ್ಣಿನ ಮುಂಭಾಗದ ಗಾಜಿನಂಥ ಪಟಲಕ್ಕೆ, ಎಂದರೆ ಕಾರ್ನಿಯಾಕ್ಕೆ, ಸೇರಿದ್ದು.

60 ದಾಟಿದ ಹಿರಿಯರಲ್ಲಿ ಈ ಗೆರೆ ಉಂಗುರದಂತೆ ಹಬ್ಬಿರುವುದು ಸಾಮಾನ್ಯ. ಅಂಚಿನ ರಕ್ತನಾಳಗಳಿಂದ ಜಿನುಗಿದ ಕೊಬ್ಬು ಅಲ್ಲಿ ತಂಗಿರುತ್ತದೆ. ದೃಷ್ಟಿಗೆ ಬಾಧೆಯಿಲ್ಲ, ಚಿಕಿತ್ಸೆಯೂ ಬೇಡ. ಆದರೆ 40 ತುಂಬುವ ಮೊದಲೇ ಕಾಣಿಸಿಕೊಂಡರೆ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಬೇಕು. ಒಂದೇ ಕಣ್ಣಿನಲ್ಲಿದ್ದರೆ, ಉಂಗುರವಿಲ್ಲದ ಪಾರ್ಶ್ವದ ಕತ್ತಿನ ರಕ್ತನಾಳ ಕಿರಿದಾಗಿದೆಯೇ ಎಂದು ನೋಡಿಸುವುದು ವಿವೇಕ.

ಇದೇ ವೇಷದಲ್ಲಿ ಬರುವ ವಿರಳವಾದ ಇನ್ನೊಂದು ವ್ಯಾಧಿಯುಂಟು. ಫ್ರಾನ್ಸಿನ ನೇತ್ರವೈದ್ಯ ಫೆಲಿಕ್ಸ್ ಟೆರಿಯನ್ 1900ರಲ್ಲಿ ವಿವರಿಸಿದ ಕಾರಣ ಅದಕ್ಕೆ ಅವನದೇ ಹೆಸರು. ಇಲ್ಲಿ ಕೊಬ್ಬು ತಂಗುವುದಷ್ಟೇ ಅಲ್ಲ, ಕಾರ್ನಿಯಾದ ಅಂಚೇ ಸವೆಯುತ್ತದೆ. ಬಹುಮಟ್ಟಿಗೆ ಆರಂಭವಾಗುವುದು ಮೇಲ್ರೆಪ್ಪೆಯ ಮರೆಯಲ್ಲಿ. ಮೊದಲು ಸಣ್ಣ ಬಿಳಿ ಚುಕ್ಕೆಗಳು, ಅವುಗಳ ಮೇಲೆ ಹರಿದು ಬರುವ ನವಿರಾದ ರಕ್ತನಾಳಗಳು. ಕ್ರಮೇಣ ಅಂಚಿನುದ್ದಕ್ಕೂ ಕಾಲುವೆಯಂತೆ ಒಂದು ತಗ್ಗು, ಅದರ ಒಳದಂಡೆಗೆ ಹಳದಿ ಬೆರೆತ ಬಿಳಿಯ ಕೊಬ್ಬಿನ ಗೆರೆ. ಮೇಲ್ಪದರ ಹರಿಯದೆ ಉಳಿಯುವುದರಿಂದ ಸಾಮಾನ್ಯವಾಗಿ ನೋವಿರದು, ಕೆಂಪೂ ಕಡಮೆ. ನೋಯದ ಕಣ್ಣನ್ನು ವೈದ್ಯರಿಗೆ ತೋರಿಸುವವರು ಯಾರು?

ಸವೆದ ಭಾಗ ಸಡಿಲಗೊಂಡಂತೆ ಕಾರ್ನಿಯಾದ ವಕ್ರತೆ ಬದಲಾಗಿ ನೋಟ ಮಸುಕಾಗುತ್ತದೆ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಅಂಕಿ ಏರುತ್ತ ಹೋಗುತ್ತದೆ. ಅಂಗಡಿಯಲ್ಲಿ ಗಾಜು ಬದಲಿಸಿಕೊಂಡು ವರ್ಷಗಳನ್ನು ಕಳೆಯುವುದು ಸುಲಭ. ಒಳಗಿನ ಸವೆತ ಮಾತ್ರ ನಿಲ್ಲದು. ತೀರ ತೆಳುವಾದ ಕಣ್ಣಿಗೆ ಮೊಣಕೈಯೋ ಚೆಂಡೋ ತಗುಲಿದರೆ ಒಡೆದೀತು. ತಾನಾಗಿಯೇ ಒಡೆಯುವುದು ಅಪರೂಪ.

ಸವೆತವನ್ನು ಖಚಿತವಾಗಿ ತಡೆಯುವ ಔಷಧವಿಲ್ಲ. ಕನ್ನಡಕ ಸಾಲದಾದಾಗ ಗಡಸು ಲೆನ್ಸ್ ನೆರವಾಗುತ್ತದೆ. ಅಪಾಯದ ಮಟ್ಟ ತಲುಪಿದರೆ, ನೇತ್ರದಾನದಿಂದ ದೊರೆತ ಕಾರ್ನಿಯಾದ ತುಣುಕನ್ನು ಬಾಲಚಂದ್ರನ ಆಕಾರದಲ್ಲಿ ಕತ್ತರಿಸಿ ತಗ್ಗಿಗೆ ಹೊಲಿಯುತ್ತಾರೆ. ಅಲ್ಲಿಯವರೆಗೆ ಕಣ್ಣುಜ್ಜದಿರುವುದು, ಕೆಲಸದಲ್ಲೂ ಆಟದಲ್ಲೂ ಒಡೆಯದ ಪಾಲಿಕಾರ್ಬೊನೇಟ್ ಕನ್ನಡಕ ಧರಿಸುವುದು, ಗೊತ್ತಾದ ಅವಧಿಗೆ ದಪ್ಪವನ್ನು ಅಳೆಸುವುದು.

ಎರಡನ್ನೂ ಬೇರ್ಪಡಿಸಲು ಸ್ಲಿಟ್ ಲ್ಯಾಂಪಿನ ಪರೀಕ್ಷೆ ಬೇಕು. ರೆಪ್ಪೆಯನ್ನು ಮೇಲೆತ್ತಿ ನೋಡಿದಾಗ ಹಿರಿಯರ ಉಂಗುರಕ್ಕೂ ಬಿಳಿಗುಡ್ಡೆಗೂ ನಡುವೆ ತಿಳಿಯಾದ ಪಟ್ಟಿ ಕಾಣುತ್ತದೆ, ದಪ್ಪ ಕುಗ್ಗಿರುವುದಿಲ್ಲ. ಟೆರಿಯನ್ ವ್ಯಾಧಿಯಲ್ಲಿ ಬೆಳಕಿನ ಸೀಳು ಅಂಚಿಗೆ ಬಂದಲ್ಲಿ ತೆಳುವಾಗುತ್ತದೆ. ಅಂಚಿನ ಸವೆತದೊಡನೆ ತೀವ್ರ ನೋವೂ ಕೆಂಪೂ ಇದ್ದರೆ ಅದು ಹುಣ್ಣಾಗಿರಬಹುದು; ಸಂಧಿವಾತದವರಲ್ಲಿ ಈ ಶಂಕೆ ಹೆಚ್ಚು. ಆಗ ಅಂದೇ ನೇತ್ರವೈದ್ಯರನ್ನು ಕಾಣಬೇಕು.