ನಿಮಗಿದು ಗೊತ್ತೇ? ಎಳೆಯ ಆಟಗಾರನ ಹಲ್ಲು ಎಣಿಸುವ ಲೆಕ್ಕ

ಉದ್ದನಪಲ್ಲಿ, ಕೆಲಮಂಗಲ, ರಾಯಕೋಟೆ ಕಡೆಯ ರೈತ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಬಾಯಿಗೂಡಿದ ಎತ್ತಿನ ದುಡಿಮೆಯನ್ನು ಎರಡು ಹಲ್ಲಿನ ಹೋರಿಯಿಂದ ಯಾರೂ ಕೇಳುವುದಿಲ್ಲ. ಎಳೆಯ ಆಟಗಾರರನ್ನು ಅಳೆಯುವಾಗಲೂ ಇದೇ ವಿವೇಕ ಬೇಕು. ಎರಡೆರಡು ಕೆಲಸ ಹೊತ್ತವರ ವಿಷಯದಲ್ಲಂತೂ ಬೇಕೇ ಬೇಕು. ಕ್ರಿಕೆಟ್‌ನಲ್ಲಿ ಅಂಥವನು ವಿಕೆಟ್ ಕೀಪರ್, ಅಮೆರಿಕನ್ ಫುಟ್‌ಬಾಲ್‌ನಲ್ಲಿ ಟೈಟ್ ಎಂಡ್.

● ಟೈಟ್ ಎಂಡ್ ಒಮ್ಮೆ ಎದುರಾಳಿಯನ್ನು ಎದೆಕೊಟ್ಟು ತಡೆಯಬೇಕು, ಮರುಕ್ಷಣ ಓಡಿಹೋಗಿ ಚೆಂಡು ಹಿಡಿಯಬೇಕು. ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟುವ ಅಲ್ಲಿನ 'ಡೈನಾಸ್ಟಿ' ಫ್ಯಾಂಟಸಿ ಲೀಗ್‌ಗಳಲ್ಲಿ ಒಮ್ಮೆ ಆರಿಸಿಕೊಂಡ ಆಟಗಾರ ವರ್ಷವರ್ಷವೂ ನಿಮ್ಮ ತಂಡದಲ್ಲೇ ಉಳಿಯುತ್ತಾನೆ. ಹಾಗಾಗಿ ಇಂದಿನ ಅಂಕಕ್ಕಿಂತ ನಾಳೆಯ ಬೆಳವಣಿಗೆಯನ್ನು ಊಹಿಸುವುದೇ ದೊಡ್ಡ ಕೆಲಸ.

● ಟೈಟ್ ಎಂಡ್ ಟ್ರಾವಿಸ್ ಕೆಲ್ಸಿ ತಮ್ಮ ಮೊದಲ ವರ್ಷ, 2013ರಲ್ಲಿ, ಮೊಣಕಾಲಿನ ತೊಂದರೆಯಿಂದ ಒಂದೇ ಪಂದ್ಯ ಆಡಿದರು, ಒಂದು ಚೆಂಡನ್ನೂ ಹಿಡಿಯಲಿಲ್ಲ. ಅದೇ ಕೆಲ್ಸಿ 2016ರಿಂದ 2022ರವರೆಗೆ ಸತತ 7 ಋತುಗಳಲ್ಲಿ ಸಾವಿರ ಯಾರ್ಡ್ ದಾಟಿದರು.

● ಕೈಲ್ ಪಿಟ್ಸ್ 2021ರಲ್ಲಿ, ವೃತ್ತಿಪರ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ನಾಲ್ಕನೆಯವರಾಗಿ ಆಯ್ಕೆಯಾದರು. ಅಷ್ಟು ಬೇಗ ಆಯ್ಕೆಯಾದ ಟೈಟ್ ಎಂಡ್ ಅದಕ್ಕೆ ಮೊದಲು ಇರಲಿಲ್ಲ. ಮೊದಲ ವರ್ಷವೇ 1,026 ಯಾರ್ಡ್ ಗಳಿಸಿದರು. ಮುಂದಿನ ಮೂರು ಋತುಗಳಲ್ಲಿ 700ರ ಗಡಿಯನ್ನೂ ಮುಟ್ಟಲಿಲ್ಲ. 146ನೆಯವರಾಗಿ ಆಯ್ಕೆಯಾದ ಜಾರ್ಜ್ ಕಿಟಲ್ ಎರಡನೇ ವರ್ಷದಲ್ಲೇ 1,377 ಯಾರ್ಡ್ ಗಳಿಸಿದರು. ಆಯ್ಕೆಯ ಕ್ರಮಾಂಕ ಬರೀ ನಿರೀಕ್ಷೆ, ಫಲವಲ್ಲ.

● ಆಂಟೋನಿಯೊ ಗೇಟ್ಸ್ ಕಾಲೇಜಿನಲ್ಲಿ ಆಡಿದ್ದು ಬಾಸ್ಕೆಟ್‌ಬಾಲ್, ಫುಟ್‌ಬಾಲ್ ಅಲ್ಲವೇ ಅಲ್ಲ. ಆದರೂ ಟೈಟ್ ಎಂಡ್ ಆಗಿ 116 ಟಚ್‌ಡೌನ್ ಗಳಿಸಿ ದಾಖಲೆ ಬರೆದರು. ಕಬಡ್ಡಿಯಲ್ಲೋ ವಾಲಿಬಾಲ್‌ನಲ್ಲೋ ಕಾಲು ಚುರುಕಾದ ಹುಡುಗನಿಗೆ ಒಮ್ಮೆ ಗ್ಲೌಸ್ ಕೊಟ್ಟು ನೋಡಿ.

● ಇನ್ನು ನಮ್ಮವರ ಕಡೆ ಬನ್ನಿ. ಮುಲ್ಕಿಯಲ್ಲಿ ಹುಟ್ಟಿದ ಕೀಪರ್ ಬುಧಿ ಕುಂದರನ್ 1960ರಲ್ಲಿ, ಒಂದೂ ರಣಜಿ ಪಂದ್ಯ ಆಡದೆ, ಆಸ್ಟ್ರೇಲಿಯ ಎದುರು ನೇರವಾಗಿ ಟೆಸ್ಟ್‌ಗೆ ಇಳಿದರು. 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ರನ್ ಹೊಡೆದರು.

● ಕರ್ನಾಟಕದ ಸೈಯದ್ ಕಿರ್ಮಾನಿ 1971 ಮತ್ತು 1974ರ ಇಂಗ್ಲೆಂಡ್ ಪ್ರವಾಸಗಳಲ್ಲಿ ಒಂದೂ ಟೆಸ್ಟ್ ಆಡದೆ ಹಿಂದಿರುಗಿದರು. ಅವರಿಗಿಂತ ಮುಂದೆ ಕೀಪರ್ ಆಗಿ ಫಾರೂಕ್ ಎಂಜಿನಿಯರ್ ಇದ್ದರು. 1976ರಲ್ಲಿ ಅವಕಾಶ ಸಿಕ್ಕಾಗ ವಯಸ್ಸು 26. ತಮ್ಮ ಎರಡನೇ ಟೆಸ್ಟ್‌ನಲ್ಲೇ ಒಂದು ಇನಿಂಗ್ಸ್‌ನಲ್ಲಿ 6 ಬಲಿ ಪಡೆದು ಅಂದಿನ ವಿಶ್ವದಾಖಲೆ ಸರಿಗಟ್ಟಿದರು. ಒಟ್ಟು ಆಡಿದ್ದು 88 ಟೆಸ್ಟ್. ಮುಂದಿನ ಜಾಗ ಖಾಲಿ ಇಲ್ಲದಿದ್ದರೆ ಅದು ಹುಡುಗನ ಕೊರತೆಯಲ್ಲ.

● ಬೆಂಗಳೂರಿನ ಸದಾನಂದ ವಿಶ್ವನಾಥ್ 22ರ ಹರೆಯದಲ್ಲಿ, 1985ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಸ್ಟಂಪ್ ಹಿಂದೆ ಮಿಂಚಿದರು. ಆದರೆ ಆಡಿದ್ದು 3 ಟೆಸ್ಟ್, 22 ಏಕದಿನ ಪಂದ್ಯ ಮಾತ್ರ. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎನ್ನುವುದು ನಿಜ, ಆದರೆ ಮೊಳಕೆಗೆ ನೀರು, ನೆರಳು ಎರಡೂ ಬೇಕು.

● ಪಾರ್ಥಿವ್ ಪಟೇಲ್ 2002ರಲ್ಲಿ ಟೆಸ್ಟ್‌ಗೆ ಕಾಲಿಟ್ಟಾಗ ವಯಸ್ಸು 17. ಧೋನಿ ಬಂದದ್ದು 23ರಲ್ಲಿ, ಮೊದಲ ಪಂದ್ಯದಲ್ಲಿ ಸೊನ್ನೆಗೆ ರನೌಟ್. ಐದನೇ ಏಕದಿನ ಪಂದ್ಯದಲ್ಲಿ 148 ಹೊಡೆದರು.

● ತಮಿಳುನಾಡಿನ ಕೀಪರ್ ಎನ್. ಜಗದೀಶನ್ 2022ರ ನವೆಂಬರ್‌ನಲ್ಲಿ, ನಮ್ಮ ಪಕ್ಕದ ಬೆಂಗಳೂರಿನ ಚಿನ್ನಸ್ವಾಮಿ ಅಂಗಳದಲ್ಲಿ, 141 ಎಸೆತಗಳಲ್ಲಿ 277 ರನ್ ಹೊಡೆದರು. ಆಗ ವಯಸ್ಸು 26. ಭಾರತ ಟೆಸ್ಟ್ ತಂಡದ ಕರೆ ಬಂದದ್ದು 2025ರಲ್ಲಿ.

● ಊರಿನ ಮೈದಾನದಲ್ಲಿ ಎಳೆಯ ಕೀಪರ್‌ನನ್ನು ನೋಡುವುದು ಹೇಗೆ? ಸ್ಪಿನ್ನರ್ ಬೌಲ್ ಮಾಡುವಾಗ ಬ್ಯಾಟ್ಸ್‌ಮನ್‌ನನ್ನು ಬಿಟ್ಟು ಅವನನ್ನೇ ನೋಡಿ. ಚೆಂಡು ನೆಲಕ್ಕೆ ಬೀಳುವ ಮೊದಲೇ ಎದ್ದು ನಿಂತರೆ ಇನ್ನೂ ಹಸಿ. ಚೆಂಡು ಪುಟಿಯುವುದಕ್ಕೆ ಸರಿಯಾಗಿ ಮೇಲೆದ್ದರೆ ಕಸುಬು ಹತ್ತುತ್ತಿದೆ ಎಂದರ್ಥ. ಬೆರಳುಗಳು ಚೆಂಡಿಗೆ ಎದುರಾಗಿರದೆ ನೆಲದ ಕಡೆಗಿರಬೇಕು. ಚೆಂಡು ಗ್ಲೌಸ್ ಸೇರುವಾಗ ಕೈ ತುಸು ಹಿಂದೆ ಸರಿಯಬೇಕು. ಕೊನೆಗೆ ಲೆಗ್ ಕಡೆ ಹೋಗುವ ಚೆಂಡು ನೋಡಿ. ಬ್ಯಾಟ್ಸ್‌ಮನ್‌ನ ಮೈಗೆ ಮರೆಯಾದ ಆ ಚೆಂಡಿಗೆ ಮೊದಲು ಕಾಲು ಸರಿಸುವ ಹುಡುಗನನ್ನು ಬಿಡಬೇಡಿ, ಅವನು ಹತ್ತು ರನ್ ಹೊಡೆಯದಿದ್ದರೂ ಸರಿ.

● ಫ್ಯಾಂಟಸಿ ಲೀಗ್ ಸೇರಿದಂತೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆಟಗಾರರನ್ನು ಅಳೆಯುವ ಖುಷಿಗೆ ದುಡ್ಡು ಬೇಕಿಲ್ಲ, ಒಂದು ನೋಟ್‌ಪುಸ್ತಕ ಸಾಕು. ಮೊದಲ ವರ್ಷ ಏನು ಬರೆದಿರಿ, ಮೂರನೇ ವರ್ಷ ಏನಾಯಿತು ಎಂದು ಹೋಲಿಸಿ ನೋಡಿ.

ಟೈಟ್ ಎಂಡ್ ಬ್ರಾಕ್ ಬವರ್ಸ್ ಅವರ ಹಾಗೆ ಮೊದಲ ವರ್ಷವೇ, 2024ರಲ್ಲಿ, 112 ಚೆಂಡು ಹಿಡಿದವರೂ ಇದ್ದಾರೆ. ಆದರೆ ಅಂಥವರು ಅಪರೂಪ. ಎರಡು ಕೆಲಸ ಕಲಿಯುವವನಿಗೆ ಎರಡರಷ್ಟು ಸಮಯ ಬೇಕು. ನಿಮ್ಮ ಊರಿನ ತಂಡದಲ್ಲಿ ಗ್ಲೌಸ್ ತೊಟ್ಟ ಹುಡುಗನೋ ಹುಡುಗಿಯೋ ಇದ್ದರೆ, ಒಂದು ಕ್ಯಾಚ್ ಬಿಟ್ಟರೆಂದು ಕೈಬಿಡಬೇಡಿ. ಮೂರು ವರ್ಷ ಕೊಡಿ, ಆಮೇಲೆ ಹಲ್ಲು ಎಣಿಸಿ.